ವಿಜ್ಞಾನದ ವಿದ್ಯಾರ್ಥಿಯೂ ಅವನ ಹವ್ಯಾಸವೂ

ಕನ್ನಡದ ಅಧ್ಯಾಪಕನಾದ ನನಗೆ ವಿಜ್ಞಾನದ ವಿದ್ಯಾರ್ಥಿಗಳ ಪರಿಚಯವಾಗುವುದು ಬಹುಮಟ್ಟಿಗೆ ಅವರ ನೆತ್ತಿಯ ಮೂಲಕ. ನಾನು ಹಳೆಗನ್ನಡದ ಪದ್ಯವೊಂದನ್ನು ಬಿಡಿಸಿ ಹೇಳುತ್ತಿರುವಾಗ ಹಿಂದಿನ ಬೆಂಚುಗಳಲ್ಲಿ ತಲೆಗಳೆಲ್ಲ ಬಾಗಿರುತ್ತವೆ. ಮೊದಮೊದಲು ಇದನ್ನು ಕಾವ್ಯದ ಮೇಲಿನ ಭಕ್ತಿಯೆಂದೇ ನಾನು ತಿಳಿದಿದ್ದೆ. ಆಮೇಲೆ ಗೊತ್ತಾಯಿತು: ಪಂಪನ ಮರೆಯಲ್ಲಿ ಜಿರಲೆಯ ಜೀರ್ಣಾಂಗಗಳೂ ಲವಣ ವಿಶ್ಲೇಷಣೆಯ ಕೋಷ್ಟಕಗಳೂ 'ರೆಕಾರ್ಡ್' ಪುಸ್ತಕದಲ್ಲಿ ಸದ್ದಿಲ್ಲದೆ ಮೂಡುತ್ತಿರುತ್ತವೆ. ಇದಕ್ಕಾಗಿ ನಾನು ಅವರನ್ನು ಗದರಿಸುವುದಿಲ್ಲ. ಅವರ ದಿನಚರಿಯನ್ನು ಬಲ್ಲವರಾರೂ ಗದರಿಸಲಾರರು.

ನಾನು ಹುಟ್ಟಿದ್ದು ತೀರ್ಥಹಳ್ಳಿಯ ಕಡೆ. ಪಾಠ ಹೇಳುವುದು ಸಾಗರದಲ್ಲಿ. ನನ್ನಲ್ಲಿಗೆ ಬರುವ ಹುಡುಗರಲ್ಲಿ ಅನೇಕರು ನಡುವಣ ಹೊಸನಗರದ ಸೀಮೆಯವರು. ತೀರ್ಥಹಳ್ಳಿ ತಾಲೂಕಿನ ಅಂಬುತೀರ್ಥದಲ್ಲಿ ಹುಟ್ಟಿ ಹೊಸನಗರವನ್ನು ಹಾದು ಸಾಗರದ ಸೀಮೆಗೆ ಬರುವ ಶರಾವತಿಯ ದಾರಿಯೇ ಹೆಚ್ಚುಕಡಮೆ ನಮ್ಮ ದಾರಿಯೂ ಆಗಿದೆ. ನದಿಗೆ ಬಸ್ಸು ತಪ್ಪುವ ಭಯವಿಲ್ಲ ಎಂಬುದೊಂದೇ ವ್ಯತ್ಯಾಸ. ಬೆಳಗಿನ ಮಂಜಿನಲ್ಲಿ ತೋಟದ ಸಂಕವನ್ನು ದಾಟಿ, ಒಂದೆರಡು ಮೈಲಿ ನಡೆದು, ಮೊದಲ ಬಸ್ಸನ್ನು ಹಿಡಿದು ಬರುವ ಹುಡುಗನು ಹತ್ತು ಗಂಟೆಗೆ ಗಣಿತ, ಹನ್ನೊಂದಕ್ಕೆ ಭೌತಶಾಸ್ತ್ರ, ಮಧ್ಯಾಹ್ನವೆಲ್ಲ ಪ್ರಯೋಗಶಾಲೆಯ ಗಾಜಿನ ಕೊಳವೆಗಳ ನಡುವೆ ನಿಲ್ಲಬೇಕು. ಮತ್ತೆ ಬಸ್ಸು, ಮತ್ತೆ ಸಂಕ. ಸುಗ್ಗಿಯ ದಿನಗಳಾದರೆ ಮನೆಯಲ್ಲಿ ಮೆಟ್ಟುಗತ್ತಿಯ ಮುಂದೆ ಅಡಿಕೆ ಸುಲಿಯಲು ಒಂದು ಜಾಗ ಅವನಿಗಾಗಿ ಕಾದಿರುತ್ತದೆ. ಕಲೆಯ ವಿದ್ಯಾರ್ಥಿಗೆ ಮಧ್ಯಾಹ್ನವೆಂಬುದೊಂದಿದೆ. ವಿಜ್ಞಾನದವನಿಗೆ ಅದೂ ಇಲ್ಲ. ಇಂಥವನಿಗೆ ಹವ್ಯಾಸಕ್ಕೆ ಎಡೆಯೆಲ್ಲಿ ಎಂದು ವಾಚಕರು ಕೇಳಬಹುದು. ನಾನೂ ಹಾಗೆಯೇ ಕೇಳಿದವನು. ಕೇಳಿ ಮಾಡಿದ ತಪ್ಪನ್ನು ಹೇಳಿಕೊಳ್ಳುವುದಕ್ಕಾಗಿಯೇ ಈ ಬರೆಹ.

ಕೆಲವು ವರ್ಷಗಳ ಹಿಂದೆ, ಬಿ.ಎಸ್‌ಸಿ. ಮೊದಲನೆಯ ವರ್ಷದಲ್ಲಿದ್ದ ಹೊಸನಗರದ ಕಡೆಯ ಹುಡುಗನೊಬ್ಬ ಒಂದು ಸಂಜೆ ಅಧ್ಯಾಪಕರ ಕೊಠಡಿಯ ಬಾಗಿಲಲ್ಲಿ ನಿಂತು, "ಸರ್, ಒಂದು ಪುಸ್ತಕ ತೋರಿಸಬೇಕಿತ್ತು" ಎಂದ. ಕವಿತೆ ಇರಬೇಕೆಂದು ಊಹಿಸಿ ಮನಸ್ಸಿನಲ್ಲೇ ಹಿಂಜರಿದೆ. ಈ ಉದ್ಯೋಗದಲ್ಲಿ ಇರುವವರಿಗೆ ಆ ಹಿಂಜರಿಕೆ ಅರ್ಥವಾದೀತು. ಆದರೆ ಅದು ಕವಿತೆಯಾಗಿರಲಿಲ್ಲ. ಅಂಗಡಿಯ ಲೆಕ್ಕದ ಉದ್ದನೆಯ ಪುಸ್ತಕ. ಅದರಲ್ಲಿ 2016ರಿಂದ ಮೊದಲುಗೊಂಡು ಪ್ರತಿ ಮಳೆಗಾಲದ ಪ್ರತಿದಿನದ ಮಳೆಯನ್ನು ಆತ ಅಳೆದು ಬರೆದಿದ್ದ. ಎಂಟನೆಯ ತರಗತಿಯಲ್ಲಿದ್ದಾಗ ಹಿಡಿದ ಹುಚ್ಚು. ಮಾಪಕವೆಂದರೆ ಅಂಗಳದ ಕಲ್ಲಿನ ಮೇಲಿಟ್ಟ ತಗಡಿನ ಡಬ್ಬಿ, ಜೊತೆಗೆ ಶಾಲೆಯ ಅಡಿಪಟ್ಟಿ. "ಡಬ್ಬಿ ದೊಡ್ಡದಾದರೆ ನೀರು ಹೆಚ್ಚು ತುಂಬುವುದಿಲ್ಲವೇನೋ?" ಎಂದು ಕೇಳಿದೆ. ಡಬ್ಬಿಯ ಗೋಡೆ ನೆಟ್ಟಗಿದ್ದರೆ ಬಾಯಿ ಎಷ್ಟೇ ಅಗಲವಿದ್ದರೂ ನೀರಿನ ಆಳ ಒಂದೇ ಬರುತ್ತದೆಂದು ಅವನು ನನಗೆ ತಾಳ್ಮೆಯಿಂದ ವಿವರಿಸಿದ. ಹವಾಮಾನ ಇಲಾಖೆಯವರು ಬೆಳಿಗ್ಗೆ 8.30ಕ್ಕೆ ಮಳೆಯನ್ನು ಅಳೆಯುತ್ತಾರೆಂದು ತಿಳಿದ ಮೇಲೆ ಅವನೂ ತನ್ನ ಹೊತ್ತನ್ನು ಹಾಗೆಯೇ ಗೊತ್ತುಮಾಡಿಕೊಳ್ಳಲು ಹೋಗಿ, ಆ ಹೊತ್ತಿಗೆ ತಾನು ಬಸ್ಸಿನಲ್ಲಿರುವುದರಿಂದ ಆ ಕೆಲಸವನ್ನು ಅಜ್ಜನಿಗೆ ಒಪ್ಪಿಸಿದ್ದ.

ನನ್ನನ್ನು ನಿಜವಾಗಿ ಬೆರಗುಗೊಳಿಸಿದ್ದು ಅಂಕೆಗಳಲ್ಲ, ಅವುಗಳ ಪಕ್ಕದ ಕನ್ನಡ. ಒಂದು ಸಾಲಿನಲ್ಲಿ ಮಿಲಿಮೀಟರು, ಮತ್ತೊಂದರಲ್ಲಿ ಮೃಗಶಿರ, ಆರಿದ್ರ, ಪುನರ್ವಸು, ಪುಷ್ಯ ಎಂದು ಅಜ್ಜನ ಪಂಚಾಂಗದ ಮಳೆ ನಕ್ಷತ್ರಗಳು. ಮೂರನೆಯ ಸಾಲಿನಲ್ಲಿ ಚಿಕ್ಕ ಟಿಪ್ಪಣಿಗಳು: ಯಾವ ದಿನ ಒರತೆ ಎದ್ದಿತು, ಯಾವ ರಾತ್ರಿ ತೋಡಿನಲ್ಲಿ ಹೊಸ ಕಪ್ಪೆಯ ಕೂಗು ಕೇಳಿತು, ಕೊಳೆಯ ಮೊದಲ ಕಾಯಿ ಯಾವ ಮರದ ಬುಡದಲ್ಲಿ ಬಿದ್ದಿತು. ನನ್ನ ಪರೀಕ್ಷೆಯಲ್ಲಿ ಪ್ರಬಂಧಕ್ಕೆ ಗೈಡಿನ ವಾಕ್ಯಗಳನ್ನು ಬರೆಯುತ್ತಿದ್ದ ಹುಡುಗ ಇಲ್ಲಿ ಅಚ್ಚುಕಟ್ಟಾದ, ಒಂದು ಮಾತೂ ಹೆಚ್ಚಿಲ್ಲದ ಗದ್ಯವನ್ನು ಬರೆದಿದ್ದ. ಯಾರೂ ಅಂಕ ಕೊಡುವುದಿಲ್ಲವೆಂಬ ನೆಮ್ಮದಿಯಿಂದಲೇ ಅದು ಸಾಧ್ಯವಾಗಿತ್ತೋ ಏನೋ.

ಇದನ್ನು ಕಂಡ ನಾನು ಏನು ಮಾಡಬೇಕಾಗಿತ್ತು? ಏನು ಮಾಡಿದೆನೆಂದರೆ, ಬೆನ್ನು ತಟ್ಟಿ, "ಬಹಳ ಚೆನ್ನಾಗಿದೆ. ಆದರೆ ನಿನ್ನ ಅಂಕಗಳನ್ನು ನೋಡಿದ್ದೇನೆ. ಮೊದಲು ಪದವಿಯನ್ನು ಒಳ್ಳೆಯ ದರ್ಜೆಯಲ್ಲಿ ಮುಗಿಸು. ಮಳೆ ಎಲ್ಲಿಗೂ ಓಡಿಹೋಗುವುದಿಲ್ಲ" ಎಂದೆ. ಹಿತವಚನವೆಂಬ ಭಾವನೆಯಿಂದಲೇ ಹೇಳಿದೆ. ನಮ್ಮ ಕಡೆಯ ಹುಡುಗರಲ್ಲಿ ಇದೊಂದು ಗುಣ: ಮೇಷ್ಟರು ಹೇಳಿದ್ದನ್ನು ನಡೆಸಿಬಿಡುತ್ತಾರೆ. ಆತ ಆ ಪುಸ್ತಕವನ್ನು ಅಟ್ಟಕ್ಕೆ ಹಾಕಿದ.

ಅವನು ಬರೆಯದೆ ಬಿಟ್ಟ ಮಳೆಗಾಲಗಳು 2022 ಮತ್ತು 2023ರವು. 2023ರಲ್ಲಿ ಮುಂಗಾರು ಕೈಕೊಟ್ಟು, ರಾಜ್ಯದ ಬಹುಪಾಲು ತಾಲೂಕುಗಳನ್ನು ಸರಕಾರ ಬರಪೀಡಿತವೆಂದು ಸಾರಬೇಕಾಯಿತು. 2019ರ ಆಗಸ್ಟಿನ ಅತಿವೃಷ್ಟಿ ಆ ಪುಸ್ತಕದಲ್ಲಿದೆ. ಅದಕ್ಕೆ ಎದುರಾಗಿ ಇಟ್ಟು ನೋಡಬಹುದಾಗಿದ್ದ ಅನಾವೃಷ್ಟಿ ಇಲ್ಲ. ಮಳೆ ಎಲ್ಲಿಗೂ ಓಡಿಹೋಗುವುದಿಲ್ಲವೆಂದಿದ್ದೆನಲ್ಲ! ಆ ಅಂಗಳದ ಆ ಎರಡು ಮಳೆಗಾಲಗಳನ್ನು ಇನ್ನು ಯಾವ ಇಲಾಖೆಯೂ ಅಳೆದುಕೊಡಲಾರದು. ಆಗುಂಬೆಯಂಥ ಊರಿನಲ್ಲಿ ವರ್ಷಕ್ಕೆ 7,000 ಮಿಲಿಮೀಟರನ್ನು ಮೀರಿ ಮಳೆ ಬೀಳುವುದು ಶಾಲೆಯ ಪುಸ್ತಕದಲ್ಲೇ ಇದೆ. ಆದರೆ ಮಲೆನಾಡಿನಲ್ಲಿ ಒಂದು ಗುಡ್ಡದ ಈಚೆಗೂ ಆಚೆಗೂ ಮಳೆಯ ಲೆಕ್ಕ ಬೇರೆಯಾಗುತ್ತದೆಂಬುದನ್ನು ಇಲ್ಲಿ ಕೊಡೆ ಹಿಡಿದು ನಡೆದವರೆಲ್ಲ ಬಲ್ಲರು.

ಈ ಪ್ರಸಂಗದ ಮೇಲೆ ನನ್ನ ಅಭಿಪ್ರಾಯ ಬದಲಾಗಿದೆ. ವಿಜ್ಞಾನದ ವಿದ್ಯಾರ್ಥಿಗೆ ಹವ್ಯಾಸವು ಓದಿನ ಆಯಾಸಕ್ಕೆ ಮದ್ದು ಎಂದು ನಾವು ಸಾಮಾನ್ಯವಾಗಿ ಸಮರ್ಥಿಸುವುದುಂಟು. ಅದು ಬಡ ಸಮರ್ಥನೆ. ನಮ್ಮ ಪದವಿ ತರಗತಿಗಳ ಪ್ರಯೋಗಶಾಲೆಯಲ್ಲಿ ನಡೆಯುವುದು ಉತ್ತರ ಮೊದಲೇ ಗೊತ್ತಿರುವ ಪ್ರಯೋಗ. ಸೀಸೆಯಲ್ಲಿರುವ ಲವಣ ಯಾವುದೆಂದು ಕೊಟ್ಟವರಿಗೆ ತಿಳಿದಿರುತ್ತದೆ, ಹಿಂದಿನ ವರ್ಷದವರ ರೆಕಾರ್ಡಿಗೂ ತಿಳಿದಿರುತ್ತದೆ. ಯಾರಿಗೂ ಉತ್ತರ ಗೊತ್ತಿರದ ಪ್ರಶ್ನೆಯೊಂದನ್ನು ಹುಡುಗನು ತನ್ನ ಕಣ್ಣಿನಿಂದ, ತನ್ನ ಊರಿನಲ್ಲಿ, ತನ್ನ ಮಾತಿನಲ್ಲಿ ಕೇಳಿಕೊಳ್ಳುವುದು ಆ ಲೆಕ್ಕದ ಪುಸ್ತಕದಲ್ಲಿ ಮಾತ್ರ ಆಗಿತ್ತು. ಅದನ್ನು ನಾನು 'ಆಮೇಲೆ' ಎಂದು ಮುಂದಕ್ಕೆ ದೂಡಿದೆ.

ಊರಿಗೂ ವಿಜ್ಞಾನಕ್ಕೂ ನಂಟಿಲ್ಲವೆಂಬ ಭ್ರಮೆ ನಮ್ಮಲ್ಲಿ ಹೇಗೆ ಬೇರೂರಿತೋ ತಿಳಿಯದು. ಅದೇ ಹುಡುಗ ಹೇಳಿದ ಇನ್ನೊಂದು ಸಂಗತಿ. ಅಡಿಕೆಯ ಕೊಳೆರೋಗಕ್ಕೆ ಮೈಲುತುತ್ತ, ಸುಣ್ಣ ಸೇರಿಸಿ ಬೋರ್ಡೋ ದ್ರಾವಣವನ್ನು ಮಾಡುತ್ತಾರಷ್ಟೆ. ನೂರು ಲೀಟರು ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಹದ ಸರಿಯಾಯಿತೇ ಎಂದು ನೋಡಲು ಅವನ ಅಜ್ಜ ಉಜ್ಜಿ ಹೊಳಪೇರಿಸಿದ ಕತ್ತಿಯನ್ನು ಅದರಲ್ಲಿ ಅದ್ದಿ ಎತ್ತುತ್ತಿದ್ದರಂತೆ. ಅಲಗಿನ ಮೇಲೆ ಕೆಂಪು ಹತ್ತಿದರೆ ಸುಣ್ಣ ಸಾಲದು. ಕಬ್ಬಿಣ ಕರಗಿ ದ್ರಾವಣಕ್ಕಿಳಿಯುತ್ತದೆ, ತಾಮ್ರ ಬಂದು ಅದರ ಜಾಗದಲ್ಲಿ ಕೂರುತ್ತದೆ ಎಂಬ ಪಾಠವನ್ನು ಆತ ಹೈಸ್ಕೂಲಿನಲ್ಲಿ ಬಾಯಿಪಾಠ ಮಾಡಿದ, ಪಿ.ಯು.ಸಿ.ಯಲ್ಲಿ ಸಮೀಕರಣ ಬರೆದ, ಬಿ.ಎಸ್‌ಸಿ.ಯಲ್ಲಿ ಗಾಜಿನ ಪಾತ್ರೆಯಲ್ಲಿ ನೋಡಿದ. ಇದು ಅಜ್ಜನ ಕತ್ತಿಯೇ ಎಂದು ಹೊಳೆದದ್ದು ಒಂದು ದಿನ ಬಸ್ಸಿನಲ್ಲಿ ಬರುವಾಗ! ಈ ಮೊದಲು ಯಾರೊಬ್ಬರೂ ಅವನಿಗೆ ಆ ಮಾತನ್ನು ಹೇಳಿರಲಿಲ್ಲ. ಹೀಗೆ ಕೊಳೆಯ ಬೆನ್ನುಹತ್ತಿದ ಹಿರಿಯರೂ ಉಂಟು. ಕೆನಡಾ ದೇಶದ ಲೆಸ್ಲಿ ಕೋಲ್ಮನ್ನರು 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದು, 1910ರಲ್ಲಿ ಹೊರತಂದ ವರದಿಗೆ ನಮ್ಮ 'ಕೊಳೆರೋಗ' ಎಂಬ ಹೆಸರನ್ನೇ ಉಳಿಸಿಕೊಂಡರು. ಕೊನೆಗಳಿಗೆ ಕೊಟ್ಟೆ ಕಟ್ಟಿ ಮಳೆಯನ್ನು ತಡೆಯುತ್ತಿದ್ದ ತೋಟಿಗರ ನಾಡಿನಲ್ಲಿ ಅವರು ನಿಂತು ನೋಡಿದುದರ ಫಲ ಆ ವರದಿ.

ಸಾಹಿತ್ಯದವನಾದ್ದರಿಂದ ಇಲ್ಲಿ ಒಂದೆರಡು ಪುಸ್ತಕಗಳ ಮಾತನ್ನು ತರದಿರಲಾರೆ. ತೇಜಸ್ವಿಯವರ 'ಕರ್ವಾಲೊ' ಅಚ್ಚಾದದ್ದು 1980ರಲ್ಲಿ. ಅದರ ಮಂದಣ್ಣನನ್ನು ಊರಿನವರು ಕೆಲಸಕ್ಕೆ ಬಾರದವನೆಂದು ತಳ್ಳಿದ್ದಾರೆ; ಜೇನು, ಓತಿ, ಹುಳುಗಳ ಹಿಂದೆ ತಿರುಗುವ ಅವನಲ್ಲಿ ಹುಟ್ಟಾ ಪ್ರಕೃತಿಶಾಸ್ತ್ರಜ್ಞನನ್ನು ವಿಜ್ಞಾನಿ ಕರ್ವಾಲೊ ಕಾಣುತ್ತಾರೆ. ನಾನು ಈ ಕಾದಂಬರಿಯನ್ನು ಎಷ್ಟೋ ಸಲ ಪಾಠ ಹೇಳಿದ್ದೇನೆ. ಹೇಳಿದವನ ಮುಂದೆಯೇ ಮಂದಣ್ಣ ಲೆಕ್ಕದ ಪುಸ್ತಕ ಹಿಡಿದು ನಿಂತಾಗ ಗುರುತು ಸಿಕ್ಕಲಿಲ್ಲ. ಇನ್ನು ಬಿ.ಜಿ.ಎಲ್. ಸ್ವಾಮಿಯವರು. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನ ಸಸ್ಯಶಾಸ್ತ್ರದ ಪ್ರಾಧ್ಯಾಪಕರು. ವಿದ್ಯಾರ್ಥಿಗಳೊಡನೆ ಕಾಡು ಸುತ್ತಿದ ಕಥೆಯನ್ನು ತಾವೇ ಚಿತ್ರ ಬರೆದು 'ಹಸುರು ಹೊನ್ನು' ಎಂದು ಕೊಟ್ಟರು. 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಹುಮಾನ ಅದಕ್ಕೆ ಸಂದಿತು. ಗಿಡಮರಗಳನ್ನು ಅರಸಿ ಶಾಸನಗಳನ್ನೂ ಓದಿದವರು ಅವರು. ಅವರಲ್ಲಿ ವೃತ್ತಿ ಎಲ್ಲಿ ಮುಗಿಯಿತು, ಹವ್ಯಾಸ ಎಲ್ಲಿ ಮೊದಲಾಯಿತು ಎಂದು ಗೆರೆಯೆಳೆಯುವುದು ಯಾರಿಗೂ ಸಾಧ್ಯವಿಲ್ಲ.

ಎದುರು ಮಾತುಂಟು. ಅದನ್ನು ಹಗುರಾಗಿ ಕಾಣಲಾರೆ. ಈಚಿನ ವರ್ಷಗಳಲ್ಲಿ ಈ ಮೂರೂ ತಾಲೂಕುಗಳ ತೋಟಗಳನ್ನು ಎಲೆಚುಕ್ಕಿ ರೋಗ ಹಿಡಿದಿದೆ. ಬ್ಯಾಂಕಿನ ಸಾಲ ಹೊತ್ತ ತಂದೆ, ಮಗನು ಬೇಗ ಒಂದು ನೌಕರಿ ಹಿಡಿಯಲಿ ಎಂದರೆ ಅದರಲ್ಲಿ ತಪ್ಪೇನಿದೆ? "ಮಳೆ ಅಳೆದರೆ ಯಾರು ಸಂಬಳ ಕೊಡುತ್ತಾರೆ ಸ್ವಾಮಿ?" ಎಂದು ಒಬ್ಬ ತಂದೆ ನನ್ನನ್ನೇ ಕೇಳಿದ್ದಾರೆ. ನನ್ನಲ್ಲಿ ಉತ್ತರವಿರಲಿಲ್ಲ. ಈಗಲೂ ಇಲ್ಲ. ತಂದೆ ಕೇಳುವ ಪ್ರಶ್ನೆ ಅದು, ಕೇಳಲಿ. ಆದರೆ ಸಂಬಳ ತಿನ್ನುತ್ತಿರುವ ನಾವು ಅಧ್ಯಾಪಕರೂ ಅದನ್ನೇ ಕೇಳತೊಡಗಿದರೆ, ಬೇರೆ ಪ್ರಶ್ನೆಯನ್ನು ಕೇಳುವವರಾರೂ ಆ ಹುಡುಗನ ಬಾಳಿನಲ್ಲಿ ಉಳಿಯುವುದಿಲ್ಲ.

ಎಲ್ಲರಿಗೂ ಹವ್ಯಾಸ ಒಂದೇ ಬಗೆಯಲ್ಲಿ ಒದಗುವುದೂ ಇಲ್ಲ. ಹುಡುಗರು ರಾತ್ರಿಯೆಲ್ಲ ತಾಳಮದ್ದಳೆಗೆ ಹೋಗುತ್ತಾರೆ. ಹೆಗ್ಗೋಡಿನ ನೀನಾಸಂನಲ್ಲಿ ನಾಟಕ ನೋಡಿ ಯಾರದೋ ಬೈಕಿನ ಹಿಂದೆ ಕುಳಿತು ಮನೆ ಸೇರುತ್ತಾರೆ. ತಾಳಮದ್ದಳೆಯಲ್ಲಿ ಎದುರಾಳಿಯ ಮಾತಿಗೆ ಮಾತು ಜೋಡಿಸಿ ಕರ್ಣನ ಅರ್ಥ ಹೇಳಿದ ರಸಾಯನಶಾಸ್ತ್ರದ ಹುಡುಗನೊಬ್ಬ ಮೌಖಿಕ ಪರೀಕ್ಷೆಯಲ್ಲಿ ಎಳ್ಳಷ್ಟೂ ಅಳುಕಲಿಲ್ಲವೆಂದು ಅವನ ಅಧ್ಯಾಪಕರೇ ನನ್ನೊಡನೆ ಹೇಳಿ ನಕ್ಕದ್ದುಂಟು. ಸಂಜೆಯ ಕೊನೆಯ ಬಸ್ಸಿಗೆ ಮನೆ ಸೇರಬೇಕಾದ ಹುಡುಗಿಗೆ ಇದಾವುದೂ ಇಲ್ಲ. ಸರಕಾರಿ ಬಸ್ಸಿನಲ್ಲಿ ಹೆಂಗಸರಿಗೆ 2023ರ ಜೂನಿನಿಂದ ಟಿಕೆಟ್ಟಿಲ್ಲ, ನಿಜ. ನಮ್ಮ ಒಳದಾರಿಗಳಲ್ಲಿ ಓಡುವುದು ಹೆಚ್ಚಾಗಿ ಖಾಸಗಿ ಬಸ್ಸು. ತೀರ್ಥಹಳ್ಳಿಯ ಕಡೆಯ ಹುಡುಗಿಯೊಬ್ಬಳು ಬಾವಿಕಟ್ಟೆಯ ಪಾಚಿ, ಜರಿಗಿಡಗಳ ಚಿತ್ರವನ್ನು ಪೆನ್ಸಿಲಿನಲ್ಲಿ ಬರೆದಿಡುತ್ತಿದ್ದಳು. ಏಕೆ ಪಾಚಿಯೇ ಎಂದು ಕೇಳಿದರೆ, "ಅದು ಮನೆಯ ಹತ್ತಿರವೇ ಇರುತ್ತದೆ ಸರ್" ಎಂದಳು.

ಇನ್ನೊಂದು ಅಪಾಯದ ಮಾತನ್ನೂ ಹೇಳಿಬಿಡುತ್ತೇನೆ. ಹವ್ಯಾಸವನ್ನು ಈಗ ಕಾಲೇಜುಗಳು ಮರೆತಿಲ್ಲ. ಮರೆತಿದ್ದರೇ ವಾಸಿ ಎನ್ನುವಂತೆ ನೆನಪಿಟ್ಟುಕೊಂಡಿವೆ. ಸಂಘ, ಸ್ಪರ್ಧೆ, ಪ್ರಮಾಣಪತ್ರ, ವರ್ಷದ ಕೊನೆಗೆ ವರದಿಯಲ್ಲಿ ಅಂಟಿಸಲು ಭಾವಚಿತ್ರ. ಪಕ್ಷಿವೀಕ್ಷಣೆಗೆ ನಲವತ್ತು ಜನ ಹೊರಟರೆ ಕಾಣುವುದು ನಲವತ್ತು ಜನ ಮಾತ್ರ. ಸಿದ್ಧಾಪುರದ ಕಡೆಯ ಕತ್ತಲೆಕಾನಿನ ತೊರೆಯಲ್ಲಿ ಮೊಟ್ಟೆಗೆ ಕೈಯಾರೆ ಕೆಸರು ಮೆತ್ತುವ ಕಪ್ಪೆಯೊಂದನ್ನು ವಿಜ್ಞಾನಿಗಳು ಗುರುತಿಸಿ, ಕುಂಬಾರನ ಹೆಸರನ್ನೇ ಅದಕ್ಕಿಟ್ಟು 2014ರಲ್ಲಿ ಪ್ರಕಟಿಸಿದರು. ಅಂಥದನ್ನು ಕಾಣಲು ರಾತ್ರಿ ಹೊತ್ತು ನೀರಿನ ಬದಿಯಲ್ಲಿ ಸುಮ್ಮನೆ ಕೂರಬೇಕು. ಸುಮ್ಮನೆ ಕುಳಿತದ್ದಕ್ಕೆ ಪ್ರಮಾಣಪತ್ರ ಕೊಡುವ ಪದ್ಧತಿ ಬಾರದಿರಲಿ.

ಆ ಹುಡುಗ ಈಗ ಶಂಕರಘಟ್ಟದಲ್ಲಿ ಎಂ.ಎಸ್‌ಸಿ. ಓದುತ್ತಿದ್ದಾನೆ. ಕಳೆದ ದೀಪಾವಳಿಯ ರಜೆಯಲ್ಲಿ ಸಾಗರದ ಬಸ್ ನಿಲ್ದಾಣದಲ್ಲಿ ಸಿಕ್ಕಿದ. ಕೈಚೀಲದಲ್ಲಿ ಅದೇ ಉದ್ದನೆಯ ಪುಸ್ತಕ. 2024ರಿಂದ ಮತ್ತೆ ಬರೆಯಲು ತೊಡಗಿದ್ದಾನೆ. ಅಜ್ಜನಿಗೆ ಈಗ ಅಂಗಳಕ್ಕಿಳಿಯಲು ಆಗದು. ಅಮ್ಮ ಡಬ್ಬಿಯನ್ನು ಅಳೆದು ಹಾಸ್ಟೆಲಿಗೆ ಫೋನು ಮಾಡಿ ಹೇಳುತ್ತಾರಂತೆ. "ಅಮ್ಮ ಅಂಕೆ ಹೇಳುವ ಮೊದಲು ಕಪ್ಪೆಯ ವಿಷಯ ಹೇಳುತ್ತಾಳೆ ಸರ್" ಎಂದು ನಕ್ಕ. ನಾನು ಹಾಳೆಗಳನ್ನು ಮಗುಚುತ್ತ ಹೋದೆ. 2021 ಮುಗಿದ ಮೇಲೆ ಎರಡು ಹಾಳೆಗಳನ್ನು ಬಿಟ್ಟಿದ್ದ. ಮೇಲೆ ಇಸವಿಯನ್ನು ಬರೆದು, ಕೆಳಗೆ ಸಾಲುಗಳನ್ನು ಗೀಟು ಹಾಕಿ, ಮೃಗಶಿರದಿಂದ ಹಿಡಿದು ನಕ್ಷತ್ರಗಳ ಹೆಸರನ್ನೂ ಬರೆದು, ಅಂಕೆಯ ಜಾಗವನ್ನು ಖಾಲಿ ಇಟ್ಟಿದ್ದ. ಅಷ್ಟರಲ್ಲಿ ಹೊಸನಗರದ ಬಸ್ಸು ಬಂದಿತು. ಪುಸ್ತಕವನ್ನು ಅವನ ಕೈಗೆ ಕೊಟ್ಟೆ.