ಹಾವುರಾಣಿ ವಿಷಕಾರಿಯೇ? ನೀಲಿ ಬಾಲದ ಗುಟ್ಟೇನು?

ಹಾವುರಾಣಿ ಕಚ್ಚಿದರೆ ಸಾವು ಖಚಿತ ಎಂಬ ನಂಬಿಕೆ ನಮ್ಮಲ್ಲಿ ಹಲವು ಕಡೆ ಇದೆ. ಬಾಲ ಬಣ್ಣಬಣ್ಣವಾಗಿ ಹೊಳೆಯುತ್ತಿದ್ದರಂತೂ ವಿಷವೆಲ್ಲ ಅಲ್ಲೇ ಇದೆ ಎನ್ನುವವರುಂಟು. ಇದು ನಿಜವಲ್ಲ. ಹಾವುರಾಣಿ ಹಾವಲ್ಲ, ಹಲ್ಲಿಯ ಬಳಗದ ಪ್ರಾಣಿ. ಅದು ಕಚ್ಚಿ ವಿಷವೇರಿಸುವುದಿಲ್ಲ. ಹಾಗಾದರೆ ಆ ಬಣ್ಣ ಏಕೆ? ಕ್ರಿಸ್ಮಸ್ ದ್ವೀಪದ ಒಂದು ಹಾವುರಾಣಿಯನ್ನು ನೋಡಿದರೆ ಅರ್ಥವಾಗುತ್ತದೆ.

ಬಾಲವೇ ರಕ್ಷಣೆ

ಕ್ರಿಸ್ಮಸ್ ದ್ವೀಪ ಇರುವುದು ಹಿಂದೂ ಮಹಾಸಾಗರದಲ್ಲಿ, ಜಾವಾದಿಂದ ಸುಮಾರು 350 ಕಿ.ಮೀ. ದಕ್ಷಿಣಕ್ಕೆ. ಅದು ಆಸ್ಟ್ರೇಲಿಯಾಕ್ಕೆ ಸೇರಿದೆ. ಅಲ್ಲಿನ ನೀಲಿ ಬಾಲದ ಹಾವುರಾಣಿ ಜಗತ್ತಿನ ಬೇರೆಲ್ಲೂ ಇರಲಿಲ್ಲ. ಕಪ್ಪು ಮೈ, ತಿಳಿ ಹಳದಿ ಗೆರೆಗಳು, ಹೊಳೆಯುವ ನೀಲಿ ಬಾಲ. ಹಗಲಲ್ಲಿ ಬಿಸಿಲು ಕಾಯಿಸುತ್ತಾ ಸಣ್ಣಪುಟ್ಟ ಕೀಟಗಳನ್ನು ತಿನ್ನುತ್ತದೆ. ಹಕ್ಕಿ ಎರಗಿದರೆ ಅದರ ಕಣ್ಣು ಮೊದಲು ಬೀಳುವುದು ಬಾಲದ ಮೇಲೆ. ಬಾಲ ಕಳಚಿ ಬಿದ್ದು ಒದ್ದಾಡುವಷ್ಟರಲ್ಲಿ ಹಾವುರಾಣಿ ಪಾರಾಗುತ್ತದೆ. ಬಾಲ ಮತ್ತೆ ಬೆಳೆಯುತ್ತದೆ.

ಆದರೂ ಮಾಯವಾದದ್ದೇಕೆ?

1970ರ ದಶಕದ ಕೊನೆಯಲ್ಲಿ ಮನೆಯ ಕೈತೋಟಗಳಲ್ಲೂ ಕಾಣುತ್ತಿದ್ದ ಇದು 2010ರ ಹೊತ್ತಿಗೆ ಅಲ್ಲಿನ ಕಾಡಿನಿಂದಲೇ ಮರೆಯಾಯಿತು. ಮುಖ್ಯ ಕಾರಣ ಏಷ್ಯಾದ ತೋಳಹಾವು ಎನ್ನುತ್ತಾರೆ ವಿಜ್ಞಾನಿಗಳು. 1980ರ ದಶಕದಲ್ಲಿ ಇದು ಹಡಗಿನ ಸರಕಿನ ಜೊತೆ ದ್ವೀಪಕ್ಕೆ ಬಂದಿಳಿದಿರಬೇಕು. ಈ ಹಾವು ಬೇಟೆಯಾಡುವುದು ರಾತ್ರಿ, ಹಾವುರಾಣಿ ಮಲಗಿರುವಾಗ. ಕತ್ತಲಲ್ಲಿ ನೀಲಿ ಬಾಲ ಯಾರನ್ನು ದಾರಿ ತಪ್ಪಿಸೀತು?

ಉಳಿದದ್ದು ಹೇಗೆ?

2009ರಿಂದ ಅಧಿಕಾರಿಗಳು 66 ಹಾವುರಾಣಿಗಳನ್ನು ಹಿಡಿದು, ದ್ವೀಪದಲ್ಲೂ ಸಿಡ್ನಿಯ ಟರೊಂಗಾ ಮೃಗಾಲಯದಲ್ಲೂ ಸಾಕಿ ಸಂತಾನ ಹೆಚ್ಚಿಸಿದರು. 2019ರಲ್ಲಿ ತೋಳಹಾವು ಇಲ್ಲದ ಕೋಕೋಸ್ ದ್ವೀಪಸಮೂಹದ ಪುಲು ಬ್ಲಾನ್ ಎಂಬ ಪುಟ್ಟ ದ್ವೀಪಕ್ಕೆ 300 ಹಾವುರಾಣಿಗಳನ್ನು ಬಿಡಲಾಯಿತು. ಕ್ರಿಸ್ಮಸ್ ದ್ವೀಪದ್ದೇ ಆದ ಇನ್ನೊಂದು ಜಾತಿ, ಕಾಡು ಹಾವುರಾಣಿ, ಇಷ್ಟು ಅದೃಷ್ಟ ಪಡೆದಿರಲಿಲ್ಲ. 'ಗಂಪ್' ಎಂಬ ಹೆಸರಿನ ಕೊನೆಯ ಹೆಣ್ಣು 2014ರ ಮೇ 31ರಂದು ಸತ್ತಿತು. ಅಲ್ಲಿಗೆ ಆ ಸಂತತಿಯೇ ಮುಗಿಯಿತು.

ನಾವು ಮಾಡಬೇಕಾದ್ದೇನು?

ಹಿತ್ತಲಲ್ಲಿ ಹಾವುರಾಣಿ ಕಂಡರೆ ಕೋಲು ಹುಡುಕಬೇಡಿ, ಅದರ ಪಾಡಿಗೆ ಬಿಡಿ. ಅದು ನಮ್ಮ ಸುತ್ತಲಿನ ಕೀಟಗಳನ್ನೇ ತಿಂದು ಬದುಕುತ್ತದೆ. ಇವತ್ತು ಎಲ್ಲೆಡೆ ಕಾಣುವ ಜೀವಿ ಮೂವತ್ತು ವರ್ಷಗಳಲ್ಲೇ ಇಲ್ಲವಾಗಬಹುದು ಎಂಬುದಕ್ಕೆ ಆ ದ್ವೀಪವೇ ಸಾಕ್ಷಿ. 'ವಿಷದ ಹಾವುರಾಣಿ' ಎಂಬ ಸಂದೇಶ ನಿಮಗೆ ಬಂದರೆ ಫಾರ್ವರ್ಡ್ ಮಾಡಬೇಡಿ. ಕಳಿಸಿದವರಿಗೆ ನಿಜ ಏನೆಂದು ತಿಳಿಸಿ.