ಗುಡ್ಡೆ ಹತ್ತುವ ಸೈಕಲ್ಲಿಗೆ ಇಪ್ಪತ್ತೈದು ಸಾಕು

ಕಳೆದ ಭಾನುವಾರ ಪೂಜೆ ಮುಗಿದು ಹೊರಗೆ ಬಂದಾಗ ನಮ್ಮ ಸೈಕಲ್ಲಿನ ಸುತ್ತ ಮತ್ತೆ ಏಳೆಂಟು ಹುಡುಗರು ನಿಂತಿದ್ದರು. ಮೊದಲ ಪ್ರಶ್ನೆ ಯಾವಾಗಲೂ ಒಂದೇ: “ಎಷ್ಟು ಸ್ಪೀಡ್ ಹೋಗ್ತದೆ?” ಇಪ್ಪತ್ತೈದು ಎಂದರೆ ಮುಖ ಸಪ್ಪೆಯಾಗುತ್ತದೆ. ಎರಡನೆಯ ಪ್ರಶ್ನೆಯೂ ಒಂದೇ: “ಅನ್‌ಲಾಕ್ ಮಾಡ್ಲಿಕ್ಕೆ ಆಗುದಿಲ್ವಾ?” ಆಗುತ್ತದೆ. ಆಗುವುದಿಲ್ಲ ಎಂದು ಸುಳ್ಳು ಹೇಳಲು ನಮಗೆ ಇಷ್ಟವಿಲ್ಲ. ಆದರೆ ಮಾಡಬಾರದು ಎಂದು ನಾವು ತೀರ್ಮಾನಿಸಿದ್ದೇವೆ. ಯಾಕೆ ಎಂಬುದನ್ನು ಪ್ರತಿ ಭಾನುವಾರ ಚರ್ಚಿನ ಮೆಟ್ಟಿಲಲ್ಲಿ ನಿಂತು ಹೇಳುವ ಬದಲು ಒಮ್ಮೆ ಇಲ್ಲಿ ಬರೆದುಬಿಡೋಣ ಎಂದುಕೊಂಡೆವು.

ನಾವು ಎಂದರೆ ಒಂದೇ ವಾರ್ಡಿನ ಮೂರು ಮನೆಯವರು. ಎಲೆಕ್ಟ್ರಿಕ್ ಮೌಂಟನ್ ಬೈಕ್, ಅದರಲ್ಲೂ ಪೆಡಲಿನ ಬುಡದಲ್ಲೇ ಮೋಟಾರು ಕೂತಿರುವ ‘ಮಿಡ್ ಡ್ರೈವ್’ ಮಾದರಿ, ಒಂದು ಮನೆಯಿಂದ ಆಗುವ ಖರ್ಚಲ್ಲ. ಸೆಕೆಂಡ್‌ಹ್ಯಾಂಡಿನಲ್ಲೇ ಒಂದು ಒಳ್ಳೆಯ ಸ್ಕೂಟರಿನ ಬೆಲೆಯಾಯಿತು. ಮೂರು ಪಾಲು ಮಾಡಿ ಕೊಂಡೆವು. ಎರಡು ಮಳೆಗಾಲ ಕಳೆಯಿತು. ಆರೋಗ್ಯ ಕೇಂದ್ರಕ್ಕೆ ಡ್ಯೂಟಿಗೆ ಹೋಗುವ ಮಗಳು, ಕಾಲೇಜಿನ ಹುಡುಗ, ಮೊಣಕಾಲು ನೋವಿದ್ದರೂ ತೋಟಕ್ಕೆ ಹೋಗುವುದನ್ನು ಬಿಡದ ಅಂಕಲ್, ಶನಿವಾರ ಗುಡ್ಡೆ ಮೇಲಿನ ಮನೆಗಳ ಕಾಯಿಲೆಯವರನ್ನು ನೋಡಲು ಹೋಗುವ ಯುವಜನರು, ಎಲ್ಲರಿಗೂ ಇದೊಂದೇ ಸೈಕಲ್. ಕೀಲಿಯ ಪಕ್ಕ ಒಂದು ಪುಸ್ತಕ ನೇತಾಡುತ್ತದೆ, ಯಾರು ಯಾವಾಗ ಒಯ್ದರು ಎಂದು ಬರೆಯಲು.

ಸೈಕಲ್ ಬಂದ ದಿನ ಅಜ್ಜಿ ಜಗಲಿಯಿಂದಲೇ ಕೇಳಿದರು: “ಮೋಟಾರಿದ್ದ ಮೇಲೆ ತುಳಿಯುವುದು ಯಾಕೆ? ತುಳಿಯಲೇಬೇಕಾದರೆ ಮೋಟಾರು ಯಾಕೆ?” ನಾವು ನಕ್ಕೆವು. ಉತ್ತರ ಹೇಳಲು ಮಾತ್ರ ಸ್ವಲ್ಪ ದಿನ ಬೇಕಾಯಿತು.

ನಮ್ಮ ಊರಿನ ನೆಲ ನಿಮಗೆ ಗೊತ್ತೇ ಇದೆ. ಬೇಳ, ಕಯ್ಯಾರು, ವರ್ಕಾಡಿ, ನಾರಂಪಾಡಿ, ಯಾವ ಚರ್ಚಿನಿಂದ ಯಾವ ಚರ್ಚಿಗೆ ಹೊರಟರೂ ಸಪಾಟು ದಾರಿ ಸಿಗುವುದಿಲ್ಲ. ಮುರಕಲ್ಲಿನ ಪದವು, ಅಲ್ಲಿಂದ ಧಡಕ್ಕನೆ ತೋಟಕ್ಕೆ ಇಳಿಯುವ ದಾರಿ, ತೋಡು ದಾಟಿ ಮತ್ತೆ ಏರು. ಮೊದಲು ನಮ್ಮಲ್ಲಿ ಒಂದು ಮನೆಯವರ ಬಳಿ ಹಿಂದಿನ ಚಕ್ರದೊಳಗೇ ಮೋಟಾರಿರುವ ಎಲೆಕ್ಟ್ರಿಕ್ ಸೈಕಲ್ ಇತ್ತು. ಪೇಟೆಗೆ ಅದು ಚೆನ್ನಾಗಿಯೇ ಇತ್ತು. ಆದರೆ ಬಂದ್ಯೋಡಿನಿಂದ ಧರ್ಮತ್ತಡ್ಕದ ಕಡೆ ಏರುವಾಗ ಅರ್ಧ ದಾರಿಯಲ್ಲೇ ಬಿಸಿಯಾಗಿ ಸುಮ್ಮನಾಗುತ್ತಿತ್ತು. ಇದರಲ್ಲಿ ಅದರ ತಪ್ಪೇನಿಲ್ಲ. ಚಕ್ರದೊಳಗಿನ ಮೋಟಾರಿಗೆ ಗೇರಿನ ಸಹಾಯ ಸಿಗುವುದಿಲ್ಲ. ಏರಿನಲ್ಲಿ ಚಕ್ರ ನಿಧಾನವಾದರೆ ಮೋಟಾರೂ ನಿಧಾನವಾಗಬೇಕು, ಆಗ ಕರೆಂಟು ಹೆಚ್ಚಿನಂಶ ಶಾಖವಾಗಿ ಹೋಗುತ್ತದೆ. ಮಿಡ್ ಡ್ರೈವ್ ಮೋಟಾರು ಪೆಡಲಿನ ಅಚ್ಚನ್ನು ತಿರುಗಿಸುತ್ತದೆ, ಅದರ ಬಲ ನಮ್ಮ ಬಲದೊಂದಿಗೆ ಸೇರಿ ಚೈನಿನ ಮೂಲಕ, ಗೇರುಗಳ ಮೂಲಕ ಹಿಂದಿನ ಚಕ್ರಕ್ಕೆ ಹೋಗುತ್ತದೆ. ಜೀಪು ಫಸ್ಟ್ ಗೇರಿನಲ್ಲಿ ಗುಡ್ಡೆ ಹತ್ತುವುದಿಲ್ಲವೇ, ಹಾಗೆ. ಭಾರವೂ ಸೈಕಲ್ಲಿನ ನಡುವೆ, ತಳದಲ್ಲಿ ಇರುವುದರಿಂದ ಜಲ್ಲಿಯ ಮೇಲೆ ಹಿಂಭಾಗ ಜಗ್ಗುವುದಿಲ್ಲ.

ಈ ಉಪಾಯ ಹೊಸದೂ ಅಲ್ಲ. ಜಪಾನಿನ ಯಮಹಾ ಕಂಪೆನಿ 1993ರಲ್ಲಿ ‘ಪಾಸ್’ ಎಂಬ ಸೈಕಲ್ ತಂದಾಗಲೇ ಮೋಟಾರನ್ನು ಪೆಡಲಿನ ಬಳಿ ಇಟ್ಟಿತ್ತು. ತುಳಿದರೆ ಮಾತ್ರ ಸಹಾಯ, ತುಳಿಯದಿದ್ದರೆ ಇಲ್ಲ. ನಮ್ಮದರಲ್ಲೂ ಕಾಲಿನ ಒತ್ತಡವನ್ನು ಅಳೆಯುವ ಒಂದು ಸೆನ್ಸರ್ ಇದೆ. ಮೆಲ್ಲ ಒತ್ತಿದರೆ ಮೆಲ್ಲ, ಜೋರು ಒತ್ತಿದರೆ ಜೋರು. ಏರಿನ ಕೊನೆಗೆ ಬೆವರು ಬರುತ್ತದೆ, ಆದರೆ ಡ್ಯೂಟಿಗೆ ಹೋದವಳು ಬಟ್ಟೆ ಬದಲಿಸುವಷ್ಟು ಅಲ್ಲ. ಅಜ್ಜಿಗೆ ನಾವು ಕೊಟ್ಟ ಉತ್ತರ ಇದೇ. ಅವರಿಗೆ ಪೂರ್ತಿ ಒಪ್ಪಿಗೆಯಾದಂತೆ ಕಾಣಲಿಲ್ಲ.

ಈಗ ಆ ಇಪ್ಪತ್ತೈದರ ವಿಷಯ. ಗಂಟೆಗೆ 25 ಕಿಲೋಮೀಟರ್ ಆದ ಕೂಡಲೇ ಮೋಟಾರು ಕೈಬಿಡುತ್ತದೆ, ಸೈಕಲ್ ನಿಲ್ಲುವುದಿಲ್ಲ. ಅದಕ್ಕಿಂತ ವೇಗ ಬೇಕಿದ್ದರೆ ಕಾಲಿದೆ. ಇಳಿಜಾರಿನಲ್ಲಿ 40 ದಾಟಲು ಯಾವ ಅನ್‌ಲಾಕೂ ಬೇಕಿಲ್ಲ, ಕಣ್ಣು ತುಂಬಿ ಬರುವ ಗಾಳಿ ಸಿಗುತ್ತದೆ. ಏರಿನಲ್ಲಿ? ನಾವು ಮೀಟರ್ ನೋಡಿದ್ದೇವೆ. ಮಲೆನಾಡು ಹೆದ್ದಾರಿ ನಮ್ಮ ನಂದಾರಪದವಿನಿಂದಲೇ ಶುರುವಾಗಿ ತೆಂಕಣದ ಪಾರಶಾಲೆಯವರೆಗೆ ಹೋಗುವುದಲ್ಲವೇ, ಅದರ ನಮ್ಮ ಕಡೆಯ ಏರುಗಳಲ್ಲಿ ಮೋಟಾರಿನ ಪೂರ್ತಿ ಸಹಾಯ ಇದ್ದರೂ ಸೈಕಲ್ ಹೋಗುವುದು ಹತ್ತರಿಂದ ಹದಿನೈದರ ವೇಗದಲ್ಲಿ. ಅಂದರೆ ಯಾವ ಗುಡ್ಡೆಗಾಗಿ ಈ ಸೈಕಲ್ ಕೊಂಡೆವೋ ಆ ಗುಡ್ಡೆಯಲ್ಲಿ ಮಿತಿ ಅಡ್ಡ ಬರುವುದೇ ಇಲ್ಲ. ಅನ್‌ಲಾಕ್ ಮಾಡಿದರೆ ಪ್ರಯೋಜನ ಸಪಾಟು ರಸ್ತೆಯಲ್ಲಿ ಮಾತ್ರ. ನಮ್ಮಲ್ಲಿ ಸಪಾಟು ರಸ್ತೆ ಎಂದರೆ ಯಾವುದು? ರಾಷ್ಟ್ರೀಯ ಹೆದ್ದಾರಿ 66. ತಲಪಾಡಿಯಿಂದ ಚೆಂಗಳದವರೆಗೆ 39 ಕಿಲೋಮೀಟರ್ ಷಟ್ಪಥ, ಪಕ್ಕದಲ್ಲಿ ಬಸ್ಸು, ಆಟೋ, ಲಾರಿ ಎಲ್ಲ ಒಟ್ಟಿಗೆ ನುಗ್ಗುವ ಸರ್ವಿಸ್ ರಸ್ತೆ. ಅಲ್ಲಿ 45ರಲ್ಲಿ ಹೋಗಬೇಕೆಂದರೆ ಸ್ಕೂಟರ್ ಸಾಕು. ಅದಕ್ಕೆ ಹೆಡ್‌ಲೈಟೂ ಇದೆ, ಕನ್ನಡಿಯೂ ಇದೆ, ಇನ್ಶೂರೆನ್ಸೂ ಇದೆ.

“ಬಸ್ಸಿನ ವೇಗಕ್ಕೆ ಸರಿಯಾಗಿ ಹೋದರೆ ಹೆಚ್ಚು ಸೇಫ್” ಎಂದು ಒಬ್ಬ ಹುಡುಗ ವಾದಿಸಿದ. ಅವನ ಮಾತಿನಲ್ಲಿ ಅರ್ಥ ಇಲ್ಲದಿಲ್ಲ, ಸರ್ವಿಸ್ ರಸ್ತೆಯಲ್ಲಿ ನಿಧಾನ ಹೋಗುವವನ ಬೆನ್ನಿಗೆ ಹಾರ್ನ್ ಬೀಳುವುದು ನಮಗೂ ಗೊತ್ತು. ಆದರೆ ಲೆಕ್ಕ ಹೀಗಿದೆ: ಬ್ರೇಕ್ ಹಿಡಿದ ಮೇಲೆ ನಿಲ್ಲಲು ಬೇಕಾಗುವ ದೂರ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. 25ರ ಬದಲು 45 ಆದರೆ ಆ ದೂರ ಮೂರು ಪಟ್ಟಿಗಿಂತಲೂ ಹೆಚ್ಚು. ಮಳೆಯಲ್ಲಿ, ಮುರಮಣ್ಣು ಹರಿದು ಬಂದ ಟಾರಿನ ಮೇಲೆ, ಎದುರಿಗೆ ಶಾಲೆ ಬಿಟ್ಟ ಮಕ್ಕಳು ಬಂದರೆ?

ಕಾನೂನನ್ನು ತಂದೆತಾಯಿಗಳು ಗಮನವಿಟ್ಟು ಓದಬೇಕು. ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಮೋಟಾರಿನ ಶಕ್ತಿ 250 ವಾಟ್ ಮಿತಿಯೊಳಗೆ, ವೇಗ 25ರೊಳಗೆ, ಬ್ಯಾಟರಿ ಬಿಟ್ಟು ತೂಕ 60 ಕೆಜಿಯೊಳಗೆ ಇದ್ದರೆ ಅದು ಮೋಟಾರು ವಾಹನವೇ ಅಲ್ಲ. ನೋಂದಣಿ ಬೇಡ, ಲೈಸೆನ್ಸ್ ಬೇಡ. ಹಾಗಾಗಿಯೇ ಹದಿನೈದರ ಹುಡುಗಿಯೂ ನಮ್ಮ ಸೈಕಲ್ ಒಯ್ಯಬಹುದು. ಅನ್‌ಲಾಕ್ ಮಾಡಿದ ಕ್ಷಣ ಅದು ನೋಂದಣಿಯಿಲ್ಲದ, ವಿಮೆಯಿಲ್ಲದ ಮೋಟಾರು ವಾಹನ. ಆನ್‌ಲೈನಿನಲ್ಲಿ ಸಿಗುವ 750, 1000 ವಾಟಿನ ಕಿಟ್ ಸಿಕ್ಕಿಸಿದ ಸೈಕಲ್ಲೂ ಹಾಗೆಯೇ, ನೋಡಲು ಸೈಕಲ್ ಅಷ್ಟೇ. 2019ರ ತಿದ್ದುಪಡಿಯ ನಂತರ ಮೋಟಾರು ವಾಹನ ಕಾಯ್ದೆಯ 199ಎ ಕಲಮು ಬಂದಿದೆ. ಪ್ರಾಯಕ್ಕೆ ಬಾರದ ಮಕ್ಕಳು ಮೋಟಾರು ವಾಹನದಲ್ಲಿ ಅಪರಾಧ ಮಾಡಿದರೆ ಪೋಷಕರಿಗೋ ವಾಹನದ ಮಾಲಿಕರಿಗೋ ಮೂರು ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ. ನಮ್ಮ ಸೈಕಲ್ಲಿಗೆ ಮಾಲಿಕರು ಮೂರು ಮನೆ. ಯಾವ ಮನೆಯ ಅಪ್ಪ ಹೋಗುವುದು? ದಂಡದ ಹಣ ಹೇಗಾದರೂ ಹೊಂದಿಸಬಹುದು. ದಾರಿಯಲ್ಲಿ ಯಾರಿಗಾದರೂ ಪೆಟ್ಟಾದರೆ ಅವರ ಆಸ್ಪತ್ರೆ ಖರ್ಚಿಗೆ ವಿಮೆಯೇ ಇಲ್ಲವಲ್ಲ, ನಮಗೆ ನಿದ್ದೆ ಕೆಡಿಸಿದ್ದು ಅದು.

ಕಷ್ಟಗಳನ್ನೂ ಹೇಳಬೇಕು, ಇಲ್ಲದಿದ್ದರೆ ಓದಿದವರು ನಾಳೆಯೇ ಸೈಕಲ್ ಕೊಂಡು ನಮ್ಮನ್ನು ಬೈಯುತ್ತಾರೆ. ಮಿಡ್ ಡ್ರೈವಿನಲ್ಲಿ ಮೋಟಾರಿನ ಬಲ, ಕಾಲಿನ ಬಲ ಎರಡೂ ಒಂದೇ ಚೈನಿನ ಮೇಲೆ ಬೀಳುತ್ತದೆ. ಮೊದಲ ವರ್ಷ ಏರಿನ ನಡುವೆ ಪೆಡಲನ್ನು ಒತ್ತಿಕೊಂಡೇ ಗೇರು ಬದಲಿಸುತ್ತಿದ್ದೆವು, ಚೈನು ತುಂಡಾಯಿತು. ಸರಿಯಾದ ಚೈನು ಮಂಗಳೂರಿನಿಂದ ಬರಲು ವಾರ ಕಳೆಯಿತು. ಈಗ ಏರು ಶುರುವಾಗುವ ಮೊದಲೇ ಗೇರು ಇಳಿಸುತ್ತೇವೆ, ಬದಲಿಸುವಾಗ ಒಂದು ಸುತ್ತು ಕಾಲು ಸಡಿಲ ಬಿಡುತ್ತೇವೆ. ಇನ್ನೊಂದು ಪೆದ್ದುತನ: ಕೆಸರು ಹೋಗಲೆಂದು ಕಾರು ತೊಳೆಯುವ ಪ್ರೆಷರ್ ಪೈಪು ಹಿಡಿದೆವು, ನೀರು ಬೇರಿಂಗಿನೊಳಗೆ ಹೋಗಿ ಕಿರ್ ಕಿರ್ ಶುರುವಾಯಿತು. ಬಕೆಟ್ಟು, ಹಳೆ ಬಟ್ಟೆ, ಬ್ರಷ್ಷು ಇಷ್ಟೇ ಬೇಕಾದದ್ದು. ಮುರಮಣ್ಣಿನ ಕೆಸರು ಉಪ್ಪುಕಾಗದದ ಹಾಗೆ ಬ್ರೇಕ್ ಪ್ಯಾಡ್ ತಿನ್ನುತ್ತದೆ, ಮಳೆಗಾಲಕ್ಕೆ ಒಂದು ಜೊತೆ ಬಿಡಿ ಇಟ್ಟುಕೊಳ್ಳಲೇಬೇಕು.

ಬ್ಯಾಟರಿಯ ಲೆಕ್ಕ ಸುಲಭ. ಸವಾರ, ಸೈಕಲ್, ಚೀಲ ಎಲ್ಲ ಸೇರಿ 100 ಕೆಜಿ ಎಂದಿಟ್ಟುಕೊಂಡರೆ 100 ಮೀಟರ್ ಎತ್ತರ ಏರಿಸಲು 27 ವಾಟ್‌ಅವರ್ ಸಾಕು. ಮೋಟಾರಿನ ನಷ್ಟ ಸೇರಿಸಿ 35 ಎನ್ನಿ. ನಮ್ಮದು 500 ವಾಟ್‌ಅವರಿನ ಬ್ಯಾಟರಿ, ಕಾಲೂ ಪಾಲು ಕೊಡುತ್ತದೆ. ಹಾಗಾಗಿ ದಿನವಿಡೀ ಗುಡ್ಡೆ ಹತ್ತಿದರೂ ಸಂಜೆಗೆ ಉಳಿಯುತ್ತದೆ. ಪೂರ್ತಿ ಚಾರ್ಜಿಗೆ ಒಂದು ಯೂನಿಟ್ ಕರೆಂಟು ಕೂಡ ಬೇಡ. ಆದರೆ ಬ್ಯಾಟರಿಯೇ ಸತ್ತ ದಿನ ಹೊಸದಕ್ಕೆ ದೊಡ್ಡ ಮೊತ್ತ ಬೇಕು. ಅದಕ್ಕೆಂದು ಮೂರೂ ಮನೆಯವರು ತಿಂಗಳಿಗೆ ಇಷ್ಟೆಂದು ಡಬ್ಬಿಗೆ ಹಾಕುತ್ತೇವೆ. ತುಂಬ ದಿನ ಓಡಿಸದಿದ್ದರೆ ಅರ್ಧ ಚಾರ್ಜಿನಲ್ಲಿ, ಬಿಸಿಲು ಬೀಳದ ಕಡೆ ಇಡಬೇಕು.

ಪೊಸಡಿಗುಂಪೆಗೆ ಬೆಳಿಗ್ಗೆ ಬೇಗ ಹೋಗಿ ಬರುವ ಖುಷಿಯನ್ನು ನಾವು ಬೇಡವೆನ್ನುವುದಿಲ್ಲ, ನಾವೇ ಹೋಗುತ್ತೇವೆ. ಆದರೆ ಕಟ್ಟಪುಣಿಯ ಮೇಲೆ, ತೋಟದ ಓಣಿಯಲ್ಲಿ ಎದುರಿಗೆ ನಡೆದು ಬರುವವರು ಕಂಡರೆ ಇಳಿದು ನಿಲ್ಲುವುದು ನಮ್ಮ ಮನೆಗಳ ನಿಯಮ. ಆ ದಾರಿ ಸೊಪ್ಪಿನ ಹೊರೆ ಹೊತ್ತವರದು, ನಮ್ಮ ಟಯರಿನದಲ್ಲ.

ಮುಂದಿನ ಭಾನುವಾರ ಎರಡನೇ ಪೂಜೆಯ ನಂತರ ಸೈಕಲ್ ಚರ್ಚಿನ ಅಂಗಳದಲ್ಲಿರುತ್ತದೆ. ಓಡಿಸಿ ನೋಡಬೇಕೆನ್ನುವವರು ಹೆಲ್ಮೆಟ್ ತನ್ನಿ. ಅಂಗಳದಲ್ಲಿ ಸುತ್ತು ಹೊಡೆಯಲು ಕೊಡುವುದಿಲ್ಲ, ಕೆಳಗಿನ ತೋಡಿನವರೆಗೆ ಇಳಿದು ಹತ್ತಿ ಬರಬೇಕು. ಹಿಂದಿನ ಬ್ರೇಕ್ ಪ್ಯಾಡ್ ಸವೆದಿದೆ, ಶನಿವಾರದೊಳಗೆ ಬದಲಿಸಬೇಕೆಂದು ಪುಸ್ತಕದಲ್ಲಿ ಬರೆದಾಗಿದೆ.