ಸೀಸೆಯ ಮೇಲಿನ ಎಚ್ಚರಿಕೆ ಕನ್ನಡದಲ್ಲೂ ಇರಲಿ



ಮಂಡಿನೋವಿಗೆ, ನಿದ್ದೆಗೆ ಎಂದು ‘ವಿಜಯಾ’ ಹೆಸರಿನ ಎಣ್ಣೆ, ಹನಿ, ಮಾತ್ರೆಗಳು ಅಂಗಡಿಯಲ್ಲೂ ಆನ್‌ಲೈನಿನಲ್ಲೂ ಸಿಗುತ್ತಿವೆ. ವಿಜಯಾ ಅಂದರೆ ಬೇರೇನಲ್ಲ, ನಮ್ಮ ಹಿರಿಯರ ಬಾಯಲ್ಲಿದ್ದ ಭಂಗಿ ಸೊಪ್ಪು. ಗಾಂಜಾ ಅದೇ ಗಿಡದ ಹೂತೆನೆ. ‘ಹೆಂಪ್ ಸೀಡ್’ ಎಂದು ಪೊಟ್ಟಣದಲ್ಲಿ ಬರುವುದು ಅದೇ ಗಿಡದ ಬೀಜ.

ಗಿಡ ಒಂದೇ ಆದರೂ ಕಾನೂನು ಬೇರೆ ಬೇರೆ. 1985ರ ಮಾದಕ ವಸ್ತು ಕಾಯ್ದೆಯ ಪ್ರಕಾರ ಹೂತೆನೆ ಗಾಂಜಾ. ತೆನೆ ಬೆರೆಯದ ಎಲೆ, ಬೀಜ ಗಾಂಜಾ ಅಲ್ಲ. ಎಲೆಯಿಂದ ಆಯುರ್ವೇದ ಔಷಧಿ ಮಾಡಲು ರಾಜ್ಯದ ಪರವಾನಗಿ ಬೇಕು. ಬೀಜ, ಬೀಜದ ಎಣ್ಣೆ, ಹಿಟ್ಟನ್ನು ಆಹಾರ ಸುರಕ್ಷತಾ ಪ್ರಾಧಿಕಾರ 2021ರಲ್ಲಿ ಆಹಾರವೆಂದು ಒಪ್ಪಿತು. ಅಮಲು ತರುವ ಟಿಎಚ್‌ಸಿ ಅಂಶ ಬೀಜದಲ್ಲಿ ಕಿಲೋಗೆ 5 ಮಿಲಿಗ್ರಾಂ ಮೀರುವಂತಿಲ್ಲ, ಪೊಟ್ಟಣದ ಮೇಲೆ ಎಲೆಯ ಚಿತ್ರ ಹಾಕುವಂತಿಲ್ಲ. ಇವು ಒಳ್ಳೆಯ ನಿಯಮಗಳು. ನಾವು ಈ ಔಷಧಿಯನ್ನೂ ವಿರೋಧಿಸುತ್ತಿಲ್ಲ, ಈ ವ್ಯಾಪಾರವನ್ನೂ ವಿರೋಧಿಸುತ್ತಿಲ್ಲ.

ನಮ್ಮ ತಕರಾರು ಒಂದೇ. ಭಂಗಿಯಂಥ ವಸ್ತುಗಳಿರುವ, ಹೊಟ್ಟೆಗೆ ಸೇರುವ ಆಯುರ್ವೇದ ಔಷಧಿಯ ಮೇಲೆ ‘ವೈದ್ಯರ ಮೇಲ್ವಿಚಾರಣೆಯಲ್ಲೇ ಸೇವಿಸಿ’ ಎಂಬ ಎಚ್ಚರಿಕೆ ಕಡ್ಡಾಯ. ಆದರೆ ಔಷಧಿ ನಿಯಮ ಅದನ್ನು ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ ಕೇಳುತ್ತದೆ. ಆಹಾರದ ಪೊಟ್ಟಣಕ್ಕೂ ಇವೆರಡರಲ್ಲಿ ಒಂದು ಭಾಷೆ ಸಾಕು. ಈಗಾಗಲೇ ನಿದ್ದೆ ಮಾತ್ರೆ ನುಂಗುವ ಅಜ್ಜಿಗೆ ಮೊಮ್ಮಗ ಪ್ರೀತಿಯಿಂದ ಈ ಹನಿಯನ್ನೂ ತಂದುಕೊಟ್ಟರೆ ಮಂಪರು ಎರಡು ಪಟ್ಟಾದೀತು, ಎದ್ದವಳು ಬಿದ್ದಾಳು. ಅವಳನ್ನು ತಡೆಯಬೇಕಾದ ಒಂದು ಸಾಲು ಅವಳು ಓದಲಾರದ ಲಿಪಿಯಲ್ಲಿದೆ.

ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆ ರಾಜ್ಯದಲ್ಲಿ ತಯಾರಾದ ವಸ್ತುಗಳ ಮೇಲೆ ಕನ್ನಡ ಬೇಕೆನ್ನುತ್ತದೆ. ಹೊರರಾಜ್ಯದಿಂದ ಬರುವ ಸೀಸೆಗೆ ಅದು ತಾಕದು.

ಆದ್ದರಿಂದ ಇಲ್ಲಿ ಪರವಾನಗಿ ಪಡೆದ ಪ್ರತಿ ತಯಾರಕರೂ ಎಚ್ಚರಿಕೆಯನ್ನು ಕನ್ನಡದಲ್ಲೂ ದಪ್ಪ ಅಕ್ಷರದಲ್ಲಿ ಅಚ್ಚು ಹಾಕುವಂತೆ ಆಯುಷ್ ಇಲಾಖೆ ನೋಡಿಕೊಳ್ಳಲಿ. ‘ಹೆಂಪ್’ ಎಂದಷ್ಟೇ ಬರೆದು ಬಿಡದೆ ‘ಭಂಗಿ ಬೀಜ’, ‘ಭಂಗಿ ಎಲೆ’ ಎಂದು ಬಿಡಿಸಿ ಬರೆಯಲಿ. ಸೆಣಬನ್ನೂ ಹೆಂಪ್ ಎನ್ನುವ ನಮ್ಮಲ್ಲಿ ಆ ಒಂದು ಪದ ಸಾಲದು. ಹೊರಗಿನ ಸರಕಿಗಾಗಿ, ಔಷಧಿ ನಿಯಮಕ್ಕೆ ‘ಮಾರಾಟವಾಗುವ ರಾಜ್ಯದ ಭಾಷೆಯಲ್ಲೂ’ ಎಂಬ ಮೂರು ಪದ ಸೇರಿಸಲು ರಾಜ್ಯ ಸರ್ಕಾರ ಕೇಂದ್ರಕ್ಕೆ ಬರೆಯಲಿ.

ನಿಮ್ಮ ಶಾಸಕರಿಗೆ ಒಂದು ಕಾಗದ ಬರೆಯಿರಿ. ಅಲ್ಲಿಯವರೆಗೆ, ಸೀಸೆ ಕೊಳ್ಳುವ ಮುನ್ನ ಅದರ ಮೇಲಿರುವುದನ್ನು ಕನ್ನಡದಲ್ಲಿ ಓದಿ ಹೇಳುವಂತೆ ಅಂಗಡಿಯವರನ್ನು ಕೇಳಿ.